ಚುಕ್ಕೆ ಮೂಡುವ ಮೊದಲು ಹಾಕಿದ ರುಜು

“ಆ ಅರಳೆ ಸಾಬ ರುಜು ಆಕ್ಬುಟ್ಟ ಕಣ್ಲಾ, ಅದ್ಕೇ ಕುರುಚ್ಲು ಕ್ರಷರ್‌ನವ್ರ ಪಾಲಾಯ್ತು.”

ನಮ್ಮೂರಿನ ಟೀ ಅಂಗಡಿಯಲ್ಲಿ ಇಂದಿಗೂ ಚಲಾವಣೆಯಲ್ಲಿರುವ ಕಥೆ ಇಷ್ಟೇ. ಹೇಳುವವರಲ್ಲಿ ಒಬ್ಬನಾದರೂ ಆ ಕಾಗದವನ್ನು ಕಣ್ಣಾರೆ ಕಂಡವನಲ್ಲ. ನಾನು ಕಂಡಿದ್ದೇನೆ. ಕಥೆ ಸುಳ್ಳು.

ಸಾಬರ ಹುಬ್ಬು, ರೆಪ್ಪೆ, ಕಿವಿಯ ಕೂದಲುಗಳಿಗೆ ಸದಾ ಅರಳೆಯ ಎಳೆ ಅಂಟಿಕೊಂಡಿರುತ್ತಿತ್ತು. ನಡುವಯಸ್ಸಿನಲ್ಲೇ ಮುದುಕರಂತೆ ಕಾಣುತ್ತಿದ್ದರು. ನಿಜವಾಗಿ ಮುದುಕರಾದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಹಾಸಿಗೆ ಹೊಲಿಯುವುದು ಅವರ ಕಸುಬು. ಅರಳೆ ಹಿಂಜುವಾಗ ಏಳುವ ಧೂಳಿಗೆ ಬೀದಿಯವರು ಬೈದು ಅಟ್ಟಿದ್ದರಿಂದ, ತೊಣ್ಣೂರು ಕೆರೆಯಾಚೆಗೆ ನಮ್ಮೂರಿನ ಕುರುಚಲು ಆರಂಭವಾಗುವಲ್ಲಿ, ಒಂದು ಬೇವಿನ ಮರದಡಿ ಕುಳಿತು ಹಿಂಜುತ್ತಿದ್ದರು. ಮೂವತ್ತು ವರ್ಷ ಆ ಕುರುಚಲನ್ನು ದಿನವೂ ನೋಡಿದ ಮನುಷ್ಯ ಊರಿನಲ್ಲಿ ಅವರೊಬ್ಬರೇ.

ದಾಖಲೆಯಲ್ಲಿ ಅದು ಪಾಳು. ಊರವರ ಬಾಯಲ್ಲೂ ಪಾಳು. ಕಾರೆ, ಬಂದರೆ, ಜಾಲಿ ಗಿಡಗಳ ನಡುವೆ ಸೊಂಟದೆತ್ತರದ ಹುಲ್ಲು ಬೆಳೆಯುತ್ತಿದ್ದ ಆ ಪಾಳಿನಲ್ಲಿ ಚುಕ್ಕೆ ರಾಟವಾಳಗಳು ವಾಸವಾಗಿದ್ದವು. ಗುಬ್ಬಿಗಿಂತ ಚಿಕ್ಕ ಹಕ್ಕಿ. ತಲೆ, ಬೆನ್ನು ಕಂದು. ಬಿಳಿಯ ಎದೆಯ ಮೇಲೆ ಮೀನಿನ ಪೊರೆಯಂತೆ ಒತ್ತೊತ್ತಾಗಿ ಜೋಡಿಸಿದ ಚುಕ್ಕೆಗಳು. ಮಳೆಗಾಲದಲ್ಲಿ ಹುಲ್ಲು ತೆನೆಗಟ್ಟಿದಾಗ ಗಂಡು ಹೆಣ್ಣು ಎರಡೂ ತಮ್ಮ ಮೈಗಿಂತ ಉದ್ದದ ಎಸಳುಗಳನ್ನು ಕಚ್ಚಿ ತಂದು, ಮುಳ್ಳಿನ ಒಳಗೆ ಚೆಂಡಿನಂಥ ಗೂಡು ಕಟ್ಟುತ್ತಿದ್ದವು. ಅದರ ಹಾಡು ಎಷ್ಟು ಮೆಲ್ಲಗಿತ್ತೆಂದರೆ, ಸಾಬರು ಅರಳೆ ಹಿಂಜುವ ಬಿಲ್ಲಿನ ಮಿಡಿತವನ್ನು ನಿಲ್ಲಿಸಿದರೆ ಮಾತ್ರ ಕೇಳುತ್ತಿತ್ತು.

“ಗಂಟ್ಲು ಉಬ್ತದೆ, ಬಾಯಿ ಆಡ್ತದೆ, ಸದ್ದು ಮಾತ್ರ ಯಾರ್ಗೂ ಕೇಳಾಕಿಲ್ಲ ಭಾಯ್,” ಎನ್ನುತ್ತಿದ್ದರು ನನಗೆ. “ನಮ್ಮಂಥೋರ ಅರ್ಜಿ ಇದ್ದಂಗೆ.”

ಆ ನೆಲವನ್ನು ಜಲ್ಲಿ ಕ್ರಷರ್‌ಗೆ ಕೊಡುವ ಮಾತು ಬಂದಾಗ ತಕರಾರು ಅರ್ಜಿ ಹಾಕಿದವರು ಅವರೇ. ಬರೆದುಕೊಟ್ಟವನು ನಾನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಸಂತೆಯಲ್ಲಿ ಸಿಕ್ಕ ಹಳೆಯ ಪುಸ್ತಕಗಳಿಂದ ವಿದ್ಯೆ ಕಲಿತವನು. ಅಚ್ಚಾದದ್ದೆಲ್ಲ ಸತ್ಯವೆಂಬ ಮೂಢನಂಬಿಕೆ ಆಗ ನನಗಿತ್ತು. “ಇದು ಚುಕ್ಕೆ ರಾಟವಾಳದ ನೆಲೆ” ಎಂದು ದಪ್ಪ ಅಕ್ಷರದಲ್ಲಿ ಬರೆದೆ.

ಮಳೆಗಾಲದ ಕೊನೆಯಲ್ಲಿ ಸ್ಥಳ ನೋಡಿ ಮಹಜರು ಬರೆಸಲು ಒಬ್ಬ ಅಧಿಕಾರಿ ಬಂದ. ಜೀಪಿನ ಸದ್ದಿಗೆ, ಬೆಳೆದ ಹಕ್ಕಿಗಳೆಲ್ಲ ಎದ್ದು ಕಬ್ಬಿನ ಗದ್ದೆಯತ್ತ ಹೋದವು. ಜಾಲಿಯ ಕೊಂಬೆಯ ಮೇಲೆ ಏಳೆಂಟು ಹಕ್ಕಿಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು. ಮಣ್ಣಿನ ಬಣ್ಣ. ಎದೆಯಲ್ಲಿ ಒಂದು ಚುಕ್ಕೆಯೂ ಇಲ್ಲ.

“ಎಲ್ರೀ ಚುಕ್ಕೆ?” ಎಂದ ಅಧಿಕಾರಿ.

“ಅವು ಮರಿ ಸಾಮಿ. ಮರೀಗೆ ಚುಕ್ಕೆ ಇರಾಕಿಲ್ಲ. ಆಮ್ಯಾಕೆ ಬತ್ತದೆ,” ಎಂದರು ಸಾಬರು.

ಊರ ಯಜಮಾನ ನಕ್ಕ. “ಮೀಸೆ ಬಂದಂಗೆ ಬತ್ತದೇನ್ಲಾ ಸಾಬ?”

“ಅಂಗೇ ಯಜಮಾನ್ರೆ. ಕೆಲವ್ರಿಗೆ ಮೀಸೆ ಬತ್ತದೆ, ಬುದ್ಧಿ ಬರಾಕಿಲ್ಲ.”

ಅಧಿಕಾರಿ ನನ್ನ ಕಡೆ ತಿರುಗಿದ. “ನೀವು ಓದ್ಕೊಂಡೋರು. ನೀವೇ ಹೇಳಿ.”

ನನ್ನ ಕಂಕುಳಲ್ಲಿ ಹಕ್ಕಿಗಳ ಚಿತ್ರದ ಪುಸ್ತಕವೊಂದಿತ್ತು. ಎಲ್ಲರ ಮುಂದೆ ಗತ್ತಿನಿಂದ ತೆರೆದೆ. ಚಿತ್ರದ ಹಕ್ಕಿಗೆ ಚುಕ್ಕೆಯಿತ್ತು, ಕೊಂಬೆಯ ಮೇಲಿನ ಹಕ್ಕಿಗಳಿಗಿರಲಿಲ್ಲ. “ಪುಸ್ತಕದ ಪ್ರಕಾರ ಇವು ಅವಲ್ಲ,” ಎಂದೆ. ಸಾಬರು ನನ್ನನ್ನು ನೋಡಲಿಲ್ಲ, ಹಕ್ಕಿಗಳನ್ನೇ ನೋಡುತ್ತಿದ್ದರು.

“ಸಾಮಾನ್ಯ ಗುಬ್ಬಿಗಳು ಮಾತ್ರ ಕಂಡುಬಂದವು” ಎಂದು ಗುಮಾಸ್ತ ಬರೆದ. ಯಜಮಾನನೂ ಇನ್ನಿಬ್ಬರೂ ರುಜು ಹಾಕಿದರು. ಸಾಬರು ಮಾತ್ರ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬಗ್ಗಿದ್ದರು.

“ರುಜು ಆಕಾಕೆ ಇಷ್ಟೊತ್ತೇನ್ಲಾ?” ಎಂದು ಯಜಮಾನ ರೇಗಿದ.

“ಕನ್ನಡ ಅಕ್ಸರ ಯಜಮಾನ್ರೆ. ನಮ್ಗೆ ನಿಧಾನ.”

ಆ ನಿಧಾನದಲ್ಲಿ ಏನು ನಡೆಯಿತೆಂದು ಯಾರೂ ಇಣುಕಲಿಲ್ಲ. ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡದೆ ಓದುವ ನಾನು, ಅದೊಂದನ್ನು ಓದದೆ ಕೊನೆಯ ರುಜು ಗೀಚಿ ಕೊಟ್ಟೆ.

ಸಂಕ್ರಾಂತಿಗೆ ಮೊದಲೇ ಜೆಸಿಬಿ ಬಂದು ಕುರುಚಲನ್ನು ಬೋಳಿಸಿತು. ಹಬ್ಬದ ಮರುದಿನ ನಮ್ಮ ಕಣದಲ್ಲಿ, ರಾಗಿಯ ಮೆದೆಯ ಮೇಲೆ, ನೆಲೆ ತಪ್ಪಿದ ರಾಟವಾಳಗಳು ಬಂದು ಕುಳಿತವು. ಮಣ್ಣಿನ ಬಣ್ಣದ ಹಕ್ಕಿಗಳ ಎದೆಯಲ್ಲಿ, ಅರ್ಧ ಬರೆದು ಬಿಟ್ಟಂತೆ, ಅಲ್ಲಲ್ಲಿ ಚುಕ್ಕೆ ಮೂಡಿದ್ದವು. ಬಸ್ ನಿಲ್ದಾಣದ ಹಿಂದೆ ಹಿಂಜುತ್ತಿದ್ದ ಸಾಬರಲ್ಲಿಗೆ ಓಡಿದೆ.

“ಸಾಬ್ರೆ, ಚುಕ್ಕೆ ಬಂದವೆ.”

ಅವರು ಬಿಲ್ಲನ್ನು ನಿಲ್ಲಿಸಲಿಲ್ಲ. “ನಂಗ್ಯಾಕೆ ಏಳ್ತೀರ ಗೌಡ್ರೆ. ನಿಮ್ ಪುಸ್ತಕಕ್ಕೆ ಏಳಿ.”

ಭಾಯ್ ಎನ್ನುತ್ತಿದ್ದವರು ಅಂದು ಗೌಡ್ರೆ ಎಂದರು. ಅವರು ನನ್ನೊಡನೆ ಆಡಿದ ಕಡೆಯ ಮಾತು ಅದು.

ಕ್ರಷರ್‌ನ ಧೂಳು ಅಡುಗೆಮನೆಯವರೆಗೂ ಬಂದ ಮೇಲೆ ಊರಿಗೆ ಬೈಯಲು ಒಬ್ಬ ಬೇಕಾದ. ಐದು ರುಜುಗಳಲ್ಲಿ ಒಂದೇ ನೆನಪಾಯಿತು. ಯಾರದೆಂದು, ಏಕೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಸಾಬರು ಹೋದ ವರ್ಷ ತೀರಿಕೊಂಡರು. ಅವರು ಹೊಲಿದ ಹಾಸಿಗೆಯ ಮೇಲೆಯೇ ಮಲಗಿ ಏಳುವ ಊರಿನಿಂದ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು.

ಆಮೇಲೆ ನಾನು ಮಹಜರಿನ ನಕಲು ಪಡೆದೆ. ಮೂಲ ಪ್ರತಿ ನಮ್ಮ ತಾಲ್ಲೂಕಿನ ದಾಖಲೆ ಕೊಠಡಿಯಲ್ಲಿದೆ. ಅರ್ಜಿ ಕೊಟ್ಟರೆ ಯಾರಿಗಾದರೂ ತೋರಿಸುತ್ತಾರೆ. ಟೀ ಅಂಗಡಿಯ ಪಂಡಿತರು ಹೋಗಿ ನೋಡಲಿ. ಕೊನೆಯ ಪುಟದಲ್ಲಿ, ಡೊಂಕು ಅಕ್ಷರಗಳಲ್ಲಿ, ಹೀಗಿದೆ: “ಮರಿಗೆ ಚುಕ್ಕೆ ಇಲ್ಲ. ಸಂಕ್ರಾಂತಿಗೆ ಬಂದು ನೋಡಿ. ನನ್ನ ಒಪ್ಪಿಗೆ ಇಲ್ಲ.” ಅದರ ಕೆಳಗೆ ಸಾಬರ ರುಜು.

ಅದರ ಕೆಳಗಿನದು ನನ್ನದು. ಅದರೊಂದಿಗೆ ಏನೂ ಬರೆದಿಲ್ಲ.