ಒಗೆಯುವ ಕಲ್ಲಿನ ಹಿಂದಿ

ನನ್ನ ಅಮ್ಮ ಹಿಂದಿ ಕಲಿತದ್ದು ತಮಿಳು ಸೀಮೆಯ ಸೂಲೂರಿನಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ಹಿಂದಿ ಬೇಡವೆಂದು ರೈಲು ನಿಲ್ದಾಣದ ಫಲಕಗಳಿಗೆ ಟಾರು ಬಳಿಯುತ್ತಿದ್ದ ಕಾಲ. ಬಳಿಯುವವರು ಬಳಿದುಕೊಳ್ಳಲಿ, ಅಮ್ಮನಿಗೆ ಅಕ್ಷರಗಳ ಗೊಡವೆಯೇ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ ಒಂದು ವಾಕ್ಯ.

ಅಕ್ಕ ಜಬಲ್ಪುರದಲ್ಲಿದ್ದಳು. ಭಾವ ನಮ್ಮವರೇ, ನಮ್ಮ ಹಾಗೆಯೇ ತಮಿಳು ಸೀಮೆಯಲ್ಲಿ ನೆಲೆಸಿದ, ಉಡುಮಲೈಪೇಟೆಯ ಕನ್ನಡದ ಮನೆತನ. ಅಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಶಿಲಾಶಾಸನ. ಆದರೆ ಅಲ್ಲಿನ ಡಾಕ್ಟರು ಅಕ್ಕನಿಗೆ ರಕ್ತದೊತ್ತಡ ಏರಿದೆ, ರೈಲು ಹತ್ತಕೂಡದು ಎಂದುಬಿಟ್ಟರು. ಮಗಳಿಗೆ ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು ಎಂದು ಅಮ್ಮ ತೀರ್ಮಾನಿಸಿದಳು. ಪಳನಿ ಬೆಟ್ಟದಿಂದಾಚೆ ಅವಳು ನೋಡಿದ ಲೋಕವಿರಲಿಲ್ಲ. ಅಪ್ಪನಿಗೆ ಮಿಲ್ಲಿನಲ್ಲಿ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಹೊರಡುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಜೊತೆಗೆ ಕಳಿಸುವುದೆಂದಾಯಿತು. ನನಗೆ ಇಂಗ್ಲಿಷ್ ಬರುತ್ತದೆಂಬುದು ಮನೆಯವರ ನಂಬಿಕೆ. ಆ ನಂಬಿಕೆ ಕೆಡದ ಹಾಗೆ ನಾನೂ ನೋಡಿಕೊಂಡು ಬಂದಿದ್ದೆ.

ಉಕ್ಕಡಂ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಹಿಂದಿ ಕಲಿಸುವ ಒಂದು ಕಿರುಪುಸ್ತಕ ಸಿಕ್ಕಿತು. ಹಿಂದಿಯ ವಾಕ್ಯಗಳನ್ನು ತಮಿಳು ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಅದನ್ನು ಬರೆದವರ ಪ್ರಕಾರ ಪ್ರಯಾಣಿಕನೆಂದರೆ ಪೆಟ್ಟಿಗೆ ಕಳೆದುಕೊಂಡು, ಕ್ಷೌರಿಕನನ್ನು ಹುಡುಕುತ್ತ, ಪೋಸ್ಟ್ ಮಾಸ್ತರರ ಮನೆಯ ದಾರಿ ಕೇಳುವ ಗಂಡಸು. ‘ನನ್ನ ಕುದುರೆಗೆ ಹುಲ್ಲು ಹಾಕು’ ಎಂಬ ವಾಕ್ಯವೂ ಇತ್ತು. ನಾನು ಜೋರಾಗಿ ಓದಿದ್ದನ್ನೆಲ್ಲ ಅಮ್ಮ ತಾಳ್ಮೆಯಿಂದ ಕೇಳಿಸಿಕೊಂಡಳು.

“‘ನನ್ ಮಗಳು ಹೆಂಗವಳೆ’ ಅಂತ ಕೇಳಾಕೆ ಐತಾ ಅದ್ರಾಗೆ?”

ಇರಲಿಲ್ಲ.

“ಹಂಗಾರೆ ಆ ಕುದ್ರೆ ಹತ್ರ ನೀನೇ ಮಾತಾಡ್ಕೊ,” ಎಂದು ಅವಳು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ ಅಮ್ಮಣಿ ಇದ್ದಳು. ನಮ್ಮ ಮನೆಯ ಅರ್ಧವನ್ನು ವಾಯುಪಡೆಯ ನೌಕರನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅವನ ಹೆಂಡತಿ ಅವಳು, ಬಿಹಾರದ ಛಪ್ರಾದವಳು. ನಮ್ಮ ಕಡೆ ಹೆಣ್ಣುಮಕ್ಕಳನ್ನೆಲ್ಲ ಕರೆಯುವ ಹಾಗೆ ಅಮ್ಮ ಅವಳನ್ನೂ ‘ಅಮ್ಮಣಿ’ ಎಂದಳು, ನಮಗೆಲ್ಲ ಅದೇ ಅವಳ ಹೆಸರಾಯಿತು. ಅವಳಿಗೆ ಸಂತೆಗೆ ಹೋಗಲು ತಮಿಳು ಬೇಕಿತ್ತು, ಅಮ್ಮನಿಗೆ ಹೆರಿಗೆಗೆ ಹೋಗಲು ಹಿಂದಿ. ಕೈಸನ್ನೆಯಲ್ಲೇ ಒಪ್ಪಂದವಾಗಿ, ಬಟ್ಟೆ ಒಗೆಯುವ ಹೊತ್ತಿಗೆ ಪಾಠ ಶುರುವಾಯಿತು.

ಇಲ್ಲಿ ಅಮ್ಮನ ಒಂದು ಕಟ್ಟುನಿಟ್ಟಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಕನ್ನಡ ಓದಲು ಯಾರಿಗೂ ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಆದರೆ ಕಾಂಪೌಂಡಿನ ಗೇಟಿನಾಚೆ ತಮಿಳು, ಈಚೆ ಕನ್ನಡ ಎಂಬುದು ಅಮ್ಮನ ಕಾಯಿದೆ. ಗೇಟು ದಾಟುವಾಗ ನಮ್ಮ ನಾಲಗೆ ತಾನಾಗಿಯೇ ಹೊರಳಿಕೊಳ್ಳುತ್ತಿತ್ತು. ಅಮ್ಮಣಿ ಗೇಟಿನ ಈಚೆಗಿದ್ದವಳು. ಹಾಗಾಗಿ ತಮಿಳು ಕಲಿಸೆಂದು ಕೇಳಿದವಳಿಗೆ ಅಮ್ಮ ಶ್ರದ್ಧೆಯಿಂದ, ಒಂದು ದಿನವೂ ತಪ್ಪಿಸದೆ, ಕಲಿಸಿದ್ದು ಕನ್ನಡ.

ನನಗಿದು ತಿಳಿದದ್ದು ಸಂತೆಯಲ್ಲಿ. ಅಮ್ಮಣಿ ಸೊಪ್ಪಿನವಳ ಮುಂದೆ ಕೂತು, “ಈ ಕೀರೆ ಎಷ್ಟು? ಇಷ್ಟು ಯಾಕೆ ಹೇಳ್ತೀಯ?” ಎಂದು ಅಮ್ಮನ ರಾಗದಲ್ಲೇ ಚೌಕಾಸಿ ಮಾಡುತ್ತಿದ್ದಳು. ಅವಳು ಹೋದ ಮೇಲೆ ಸೊಪ್ಪಿನವಳು ನನ್ನನ್ನು ಕರೆದು, ಆಯಮ್ಮನ ಹಿಂದಿ ಅಂಥ ಕಷ್ಟವೇನಿಲ್ಲ, ಮುಕ್ಕಾಲು ಪಾಲು ನಮ್ಮ ತಮಿಳಿನ ಹಾಗೇ ಇದೆ, ಇದಕ್ಕೇ ಯಾಕೆ ಇಷ್ಟು ಗಲಾಟೆ ಮಾಡುತ್ತಾರೋ ಎಂದು ತಮಿಳಿನಲ್ಲಿ ಹೇಳಿದಳು. ಅತ್ತ ಅಮ್ಮಣಿಯೋ, ಇಲ್ಲಿಯ ಜನಕ್ಕೆ ತಮಿಳೇ ನೆಟ್ಟಗೆ ಬರುವುದಿಲ್ಲ ಎಂದು ಗಂಡನ ಹತ್ತಿರ ದೂರುತ್ತಿದ್ದಳು. ದೇಶದ ಏಕತೆ ಇಷ್ಟು ಸಲೀಸಾಗಿ ನಡೆದಿರುವಾಗ ನಡುವೆ ಬಾಯಿ ಹಾಕುವುದು ನನಗೆ ಸರಿಕಾಣಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದೆ.

“ನಮ್ ಗೇಟಿನ ವಾಸಲೊಳಗೆ ಇರೋಳ ಹತ್ರ ತಮಿಳು ಮಾತಾಡ್ಲಾ? ಅವಳೇನು ಹಾಲಿನೋಳಾ?” ಎಂದಳು.

ಅಮ್ಮನ ಹಿಂದಿಯೂ ಮುಂದುವರಿಯಿತು. ಕಾಲರಿಗೆ ಸೋಪು ತಿಕ್ಕುತ್ತ ಅಮ್ಮಣಿ, “ಘರ್ ಕಹಾಂ ಬಾ?” ಎಂದು ಕೇಳಿ, “ಹಮಾರ್ ಘರ್ ಛಪರಾ ಬಾ” ಎಂದು ತಾನೇ ಉತ್ತರ ಹೇಳಿಕೊಡುವಳು. ಮನೆ ಎಲ್ಲಿ, ನಮ್ಮ ಮನೆ ಛಪ್ರಾ. ಅಮ್ಮ ಮಗ್ಗಿ ಒಪ್ಪಿಸುವವಳಂತೆ ಒಪ್ಪಿಸುವಳು. ಛಪ್ರಾ ಅಲ್ಲಮ್ಮ, ನೀನು ಸೂಲೂರು ಅನ್ನಬೇಕು ಎಂದು ನಾನು ತಿದ್ದಲು ಹೋದರೆ, “ಪಾಠನ ತಿದ್ದಬಾರ್ದು” ಎಂದು ನನ್ನನ್ನೇ ಗದರಿದಳು. ಮುಖ್ಯವಾದ ವಾಕ್ಯವನ್ನು ಮಾತ್ರ ಅವಳು ಅಡುಗೆ ಮಾಡುವಾಗಲೂ ಗುನುಗುತ್ತಿದ್ದಳು: “ಹಮಾರ್ ಬೇಟೀ ಕೈಸನ್ ಬಿಯಾ?” ನನ್ನ ಮಗಳು ಹೇಗಿದ್ದಾಳೆ? ರೇಡಿಯೋದಲ್ಲಿ ಕೇಳುವ ಹಿಂದಿ ಇದಕ್ಕಿಂತ ಬೇರೆಯಾಗಿತ್ತು. ರೇಡಿಯೋದವರ ಉಚ್ಚಾರ ಕೆಟ್ಟಿದೆ ಎಂದುಕೊಂಡೆ.

ಕರುಪಟ್ಟಿ ಬೆಲ್ಲ, ಬೆಳ್ಳುಳ್ಳಿ, ಹಿಪ್ಪಲಿ, ಮಗುವಿಗೆಂದು ಹರಿದು ಒಗೆದ ಹಳೆಯ ನೂಲಿನ ಸೀರೆಗಳು, ಇಷ್ಟನ್ನು ಕಟ್ಟಿಕೊಂಡು ಹೊರಟೆವು. ಮದ್ರಾಸಿನಲ್ಲಿ ಹತ್ತಿದ ಗಾಡಿ ಬನಾರಸಿಗೆ ಹೋಗುವಂಥದು. ಎದುರಿಗೆ ಕೂತಿದ್ದ ದೊಡ್ಡ ಸಂಸಾರವೊಂದು ಅಮ್ಮ ಬಾಯಿ ತೆರೆದದ್ದೇ ತಡ, ಮೊದಲು ನಕ್ಕಿತು, ಆಮೇಲೆ ಕೆಳಗಿನ ಬರ್ತು ಬಿಟ್ಟುಕೊಟ್ಟಿತು, ಹುರಿಗಡಲೆಯ ಸತ್ತು ಹಿಟ್ಟು ಕಲಸಿ ಕೊಟ್ಟಿತು. ನನ್ನ ಇಂಗ್ಲಿಷಿಗೆ ಇಡೀ ಗಾಡಿಯಲ್ಲಿ ಗಿರಾಕಿಯಾದವರು ಟಿಕೆಟ್ ನೋಡಲು ಬಂದವರೊಬ್ಬರೇ. ಅವರೂ ತಮಿಳರು.

ಜಬಲ್ಪುರದಲ್ಲಿ ಭಾವ ನಿಲ್ದಾಣಕ್ಕೆ ಬಂದಿದ್ದರು. ಅಮ್ಮ ಇಳಿಯುತ್ತಲೇ, ಇಷ್ಟು ದಿನ ಕಾದಿಟ್ಟ ವಾಕ್ಯವನ್ನು ಅಳಿಯನ ಮೇಲೆ ಪ್ರಯೋಗಿಸಿದಳು. ಭಾವ ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದರು.

“ಅತ್ತೆ, ಇದು ಹಿಂದಿ ಅಲ್ಲ. ಭೋಜ್‌ಪುರಿ. ಕಲಿಸ್ದೋಳು ಯಾರೋ, ಅವಳ ಮನೆ ಮಾತು ಕಲಿಸವಳೆ ನಿಮ್ಗೆ. ನಮ್ ಕಾರ್ಖಾನೆಲಿ ಮೂಟೆ ಹೊರೋರು ಮಾತಾಡೋದು. ಆಸ್ಪತ್ರೆಲಿ ಮಾತ್ರ ಬಾಯಿ ಬಿಡ್ಬೇಡಿ, ನಾನು ಮಾತಾಡ್ತೀನಿ.”

ಅಮ್ಮಣಿಗೆ ಅಮ್ಮ ತನ್ನ ಮನೆಯ ಮಾತು ಕಲಿಸಿದ್ದಳು, ಅಮ್ಮನಿಗೆ ಅಮ್ಮಣಿಯೂ ತನ್ನ ಮನೆಯ ಮಾತನ್ನೇ ಕಲಿಸಿದ್ದಳು. ಲೆಕ್ಕ ಸರಿಹೋಯಿತೆಂದು ನಾನು ರಿಕ್ಷಾದಲ್ಲಿ ದಾರಿಯುದ್ದಕ್ಕೂ ನಕ್ಕೆ. ಅಮ್ಮ ನಗಲಿಲ್ಲ. ಗಂಟನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಅವಳಿಗೆ ಹೆದರಿಕೆಯಾಗಿತ್ತು. ಅಷ್ಟು ದೂರ ಬಂದು, ಮಗಳಿಗೇನಾದರೂ ಆದರೆ ಕೇಳಲು ಬಾಯಿಲ್ಲದವಳಾದಳಲ್ಲ ಎಂದು ಆಗ ನನಗೂ ಸಂಕಟವಾಯಿತು.

ಕೆಲವು ವಾರಗಳ ನಂತರ, ಒಂದು ಮಧ್ಯಾಹ್ನ, ಅಕ್ಕನಿಗೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದರು, ಹೆರಿಗೆ ವಾರ್ಡಿನ ಕಬ್ಬಿಣದ ಜಾಲರಿ ಬಾಗಿಲು ಮುಚ್ಚಿತು. ಸ್ಟೂಲಿನ ಮೇಲೆ ಕೂತಿದ್ದ ಬಾಗಿಲು ಕಾಯುವವನು ಯಾರನ್ನೂ ಬಿಡುವುದಿಲ್ಲ ಎಂದ. ತಾಯಿಯೊಬ್ಬರನ್ನಾದರೂ ಬಿಡಿ ಎಂದು ಭಾವ ಶುದ್ಧವಾದ ಹಿಂದಿಯಲ್ಲಿ ಬೇಡಿಕೊಂಡರು. ಅಷ್ಟು ಶುದ್ಧವಾದ ಹಿಂದಿಯನ್ನು ಅಧಿಕಾರಿಗಳ ಬಾಯಲ್ಲಿ ಕೇಳಿ ಕೇಳಿ ಅವನಿಗೆ ಸಾಕಾಗಿತ್ತೆಂದು ತೋರುತ್ತದೆ, ಅಂಗೈಯಲ್ಲಿ ತಿಕ್ಕುತ್ತಿದ್ದ ಹೊಗೆಸೊಪ್ಪಿನಿಂದ ಕಣ್ಣೆತ್ತಲಿಲ್ಲ. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಅವನು ಮುಖವನ್ನೇ ತಿರುಗಿಸಿಕೊಂಡ.

ಒಳಗಿನಿಂದ ಅಕ್ಕ “ಅಮ್ಮಾ” ಎಂದು ಕೂಗಿದ್ದು ಕೇಳಿಸಿತು.

ಅಮ್ಮ ನಮ್ಮಿಬ್ಬರನ್ನೂ ಸರಿಸಿ ಮುಂದೆ ಬಂದಳು. ಭಾವ ಹಾಕಿದ ಅಪ್ಪಣೆ ಅವಳಿಗೆ ನೆನಪಿತ್ತೋ ಇಲ್ಲವೋ. “ಹಮಾರ್ ಬೇಟೀ ಭೀತರ್ ಬಿಯಾ,” ಎಂದಳು. ನನ್ನ ಮಗಳು ಒಳಗಿದ್ದಾಳೆ.

ತಿಕ್ಕುತ್ತಿದ್ದ ಹೆಬ್ಬೆರಳು ನಿಂತಿತು. ಅವನು ತಲೆಯೆತ್ತಿ ಕೇಳಿದ: “ಘರ್ ಕಹಾಂ ಬಾ, ಮಾಈ?”

ಒಗೆಯುವ ಕಲ್ಲಿನ ಪಾಠ ಹೇಗಿತ್ತೋ ಹಾಗೇ ಬಂದಿತ್ತು ಪ್ರಶ್ನೆ. ಅಮ್ಮ ತಡಮಾಡಲಿಲ್ಲ.

“ಹಮಾರ್ ಘರ್ ಛಪರಾ ಬಾ.”

ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಎರಡೂ ಕಡೆ ಮೂಗುಬೊಟ್ಟು, ಹಣೆಯಲ್ಲಿ ವಿಭೂತಿ, ಮುಡಿಯಲ್ಲಿ ಬಾಡಿದ ಕನಕಾಂಬರ. ಛಪ್ರಾದ ಒಂದು ಚೂರೂ ಅವಳಲ್ಲಿರಲಿಲ್ಲ. ಅವನು ನಂಬಿದನೆಂದು ನಾನು ಹೇಳಲಾರೆ. ಎದ್ದು ಚಿಲಕ ಸರಿಸಿದ. “ಜಾ ಮಾಈ, ಭೀತರ್ ಜಾ,” ಎಂದು, ಅವಳ ಹಿಂದೆಯೇ ನುಗ್ಗಹೊರಟ ನಮ್ಮಿಬ್ಬರ ಮುಖಕ್ಕೆ ಬಾಗಿಲು ಹಾಕಿದ.

ಸಂಜೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ ಎಂದು ಹೇಳಲು ಅಮ್ಮ ಹೊರಗೆ ಬಂದಾಗ ಭಾವನ ಕಣ್ಣಲ್ಲಿ ನೀರಿತ್ತು. ಆದರೂ ಗುಮಾಸ್ತರಲ್ಲವೇ, ಕೇಳಿಯೇಬಿಟ್ಟರು.

“ಗೊತ್ತಿದ್ದೇ ಸುಳ್ಳು ಹೇಳಿದ್ರಾ ಅತ್ತೆ?”

“ಸೂಲೂರು ಅಂದಿದ್ರೆ ಅವ್ನು ಕದ ತೆಗೀತಿದ್ನಾ ಮಾಪ್ಪಿಳ್ಳೆ?”

ನಾವು ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಅಮ್ಮಣಿಯ ಗಂಡನಿಗೆ ಬೆಂಗಳೂರಿಗೆ ವರ್ಗವಾಯಿತು. ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಕಷ್ಟಪಟ್ಟು ಒಂದು ಭಾಷೆ ಕಲಿತಳು, ಈಗ ಮತ್ತೊಂದನ್ನು ಮೊದಲಿನಿಂದ ಕಲಿಯಬೇಕು ಎಂಬುದೇ ಅವಳ ದುಃಖ. ನಾನು ಕೊನೆಗೂ ನಿಜ ಹೇಳಿದೆ: ನೀನು ಕಲಿತದ್ದು ಕನ್ನಡ, ಅಲ್ಲಿ ಅದೇ ನಡೆಯುತ್ತದೆ.

“ಸುಮ್ನೆ ಇರು, ಕೇಲಿ ಮಾಡ್ಬೇಡ,” ಎಂದಳು ಅಮ್ಮಣಿ ಮೂಗು ಒರೆಸಿಕೊಳ್ಳುತ್ತ. “ಬೆಂಗ್ಳೂರಾಗೆ ತಮಿಳು ಯಾರ್ಗೆ ತಿಳೀತದೆ?”

ಅಮ್ಮ ಅವಳ ಪಕ್ಕ ಕೂತಳು.

“ಅವ್ಳ ಮಾತು ಬಿಡು ಅಮ್ಮಣಿ. ಅಲ್ಲಿ ಯಾವನಾದ್ರೂ ಬಾಗ್ಲಲ್ಲಿ ತಡೆದ್ರೆ ಏನು ಹೇಳ್ಬೇಕು ಅದು ಕಲಿ. ಎಲ್ಲಿ, ಹೇಳು. ನಿಮ್ಮೂರು ಯಾವ್ದು?”

ಅಮ್ಮಣಿ ಛಪ್ರಾ ಎನ್ನಲು ಬಾಯಿ ತೆರೆದಳು. ಅಮ್ಮ ತಲೆಯಲ್ಲಾಡಿಸಿ, ಉತ್ತರವನ್ನು ತಾನೇ ಹೇಳಿಕೊಟ್ಟಳು. ಅಮ್ಮಣಿ ಅದನ್ನು ಹಾಗೆಯೇ ಒಪ್ಪಿಸಿದಳು.

“ನಮ್ಮೂರು ಸೂಲೂರು.”