ಅಪ್ಪನ ಜೀಪಿನ ಎಡ ಟೈರು

“ಅಕ್ಕಾರ, ಈ ಟೈರಿಗೆ ನಾ ಪಾಸ್ ಮಾಡಂಗಿಲ್ರಿ” ಎನ್ನುತ್ತಾ ಬಾಗಲಕೋಟೆಯ ಆರ್‌ಟಿಒ ಇನ್‌ಸ್ಪೆಕ್ಟರ್ ತೀರಿಕೊಂಡ ಅಪ್ಪನ ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅದನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಎಫ್‌ಸಿ ಮಾಡಿಸಲು ನಾನೇ ಓಡಿಸಿಕೊಂಡು ಹೋಗಿದ್ದೆ. ಅವರು ಟೈರಿನ ಮೇಲೆ ಬೆರಳಾಡಿಸಿದರು. “ಎಡಗಡಿವಷ್ಟ ಭಾಳ ಸವದಾವು. ಓಡಸವ್ರು ಡಾಂಬರ್ ಬಿಟ್ಟು ಕೆಳಗ ಇಳಸ್ತಿದ್ರೇನ್ರಿ?”

ಹೌದು, ಇಳಿಸುತ್ತಿದ್ದರು. ಶನಿವಾರ ತುಳಸಿಗೇರಿಯ ಹನುಮಪ್ಪನಿಗೆ ಬರಿಗಾಲಲ್ಲಿ ನಡೆದು ಹೋಗುವವರು ಕಂಡರೆ ಸಾಕು, ಅಪ್ಪ ಜೀಪಿನ ಎಡಗಾಲಿಗಳನ್ನು ರಸ್ತೆಯಂಚಿನ ಕಲ್ಲುಮಣ್ಣಿಗೆ ಹಾಯಿಸುತ್ತಿದ್ದರು. ಕುಲುಕಾಟಕ್ಕೆ ನಾನು ಮುಖ ಗಂಟಿಕ್ಕಿದರೆ, “ನುಣುಪು ದಾರಿ ಅವ್ರಿಗಿರ್ಲಿ ಬಿಡವ್ವಾ, ನಮಗ ಗಾಲಿ ಅದಾವಲ್ಲ” ಎನ್ನುತ್ತಿದ್ದರು.

ಹೊಸ ಟೈರು ಹಾಕಿಸಿದ ಮೇಲೆ ಜೀಪು ಪಾಸಾಯಿತು. ಹಳೆಯವನ್ನು ಟೈರಂಗಡಿಯಲ್ಲಿ ಬಿಟ್ಟು ಹೊರಟಾಗ ಮಾತ್ರ, ಅಪ್ಪನ ಚಪ್ಪಲಿಗಳನ್ನೇ ಬಿಟ್ಟು ಬಂದಂತೆ ಅನ್ನಿಸಿತು.