ಕಾರ್ಮಿನ್ ಬಾಯಿಯ ಮನೆಗೆ ಬಂದ ತೆನೆ

ಪವಾಡ ಎಂಬ ಮಾತು ಕೇಳಿದರೆ ಸಿಡುಕುವವನು ನಾನು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು. ಆದಿತ್ಯವಾರದ ಪೂಜೆ ತಪ್ಪಿಸುವುದಿಲ್ಲ, ಆದರೆ ಮೂರ್ತಿ ಅತ್ತಿತು, ಚಿತ್ರದಿಂದ ಎಣ್ಣೆ ಸುರಿಯಿತು ಎಂದು ಯಾರಾದರೂ ಮೊಬೈಲು ಹಿಡಿದು ಬಂದರೆ ನೇರ ಬಾಗಿಲು ತೋರಿಸಿದವನು. ಇನ್ನು ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವೇಣೂರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಇಗರ್ಜಿ, ಅಂದರೆ ಚರ್ಚು. ಅದಕ್ಕೆ ನೂರು ತುಂಬುವ ವರ್ಷ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹಳೆಯ ಕುಟುಂಬ ದಫ್ತರ ತಿರುವುತ್ತಿದ್ದಾಗ ಕಾರ್ಮಿನ್ ಬಾಯಿಯ ಹೆಸರು ಸಿಕ್ಕಿತು. ಮನೆಯಲ್ಲಿ ನಾಲ್ಕು ತಲೆ: ಗಂಡ, ಹೆಂಡತಿ, ಅತ್ತೆ, ಮಗ. ಮೂವರು ತೀರಿಕೊಂಡು ಈಗ ಉಳಿದದ್ದು ಅವರೊಬ್ಬರೇ, ಎಂಬತ್ತೈದು ದಾಟಿದವರು. ಸೂಲಗಿತ್ತಿ. ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ ಕಾಲದಲ್ಲಿ ಬಿಲ್ಲವರ, ಜೈನರ, ಬ್ಯಾರಿಗಳ ಮನೆಗೂ ಹೊಳೆ ದಾಟಿ ಹೋದವರು. ನಾನು ಭೂಮಿಗೆ ಬಿದ್ದದ್ದೂ ಅವರ ಕೈಗೇ. ನಮ್ಮ ಇಗರ್ಜಿ ಊರಿಗೆ ಮಾಡಿದ ಸೇವೆ ಅಂತ ಏನಾದರೂ ಇದ್ದರೆ ಅದರಲ್ಲಿ ಅರ್ಧ ಆ ಹೆಂಗಸಿನದು.

ಸಂಚಿಕೆಯ ಸಮಾಜಸೇವೆಯ ಅಧ್ಯಾಯದಲ್ಲಿ ಅವರ ಹೆಸರಿರಲಿಲ್ಲ. ಕಣ್ಣಿನ ಶಿಬಿರ, ರಕ್ತದಾನ, ರಿಬ್ಬನ್ ಕತ್ತರಿಸುವವರ ಫೋಟೋಗಳಿದ್ದವು. ಕೇಳಿದರೆ, ಈಗಿನ ಪಟ್ಟಿಯಲ್ಲಿ ಅಂಥ ಕುಟುಂಬವೇ ಇಲ್ಲ, ಇನ್ನು ಒಂದು ಸಾಲಿಗೂ ಜಾಗವಿಲ್ಲ ಎಂದು ಸಮಿತಿಯವರು ಕೈತೊಳೆದುಕೊಂಡರು.

ಪಟ್ಟಿಯಲ್ಲಿ ಯಾಕಿಲ್ಲ ಎಂದು ನಾನೇ ಹುಡುಕಿದೆ. ಮೂರು ವರ್ಷದ ಹಿಂದೆ ಇಗರ್ಜಿಯ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದಾಗ ನೀರು ಹರಿಯುವ ತೋಡನ್ನೇ ಗಡಿ ಮಾಡಿದ್ದರು. ಅವರ ಮನೆ ಇರುವುದು ಆ ತೋಡಿನ ತಿರುವಿನಲ್ಲಿ. ಪ್ರತಿ ವಾರ್ಡಿಗೆ ಗುರ್ಕಾರ್ ಎಂಬ ಮುಖ್ಯಸ್ಥನಿರುತ್ತಾನೆ. ಕಾರ್ಮಿನ್ ಬಾಯಿ ಆಚೆಯವರು ಎಂದು ಈಚೆಯ ಗುರ್ಕಾರ್ ಅಂದುಕೊಂಡ, ಈಚೆಯವರು ಎಂದು ಆಚೆಯವನು ಅಂದುಕೊಂಡ. ಎರಡೂ ಪಟ್ಟಿಯಿಂದ ಮುದುಕಿ ಮಾಯ. ಮಂಡಿನೋವಿನಿಂದ ಇಗರ್ಜಿಗೂ ಬರಲಾಗದ ಆ ಜೀವಕ್ಕೆ ಎರಡು ಮೊಂತಿ ಹಬ್ಬಗಳಲ್ಲಿ ತೆನೆ ಹೋಗಿರಲಿಲ್ಲ.

ತೆನೆ ಹೋಗದಿದ್ದರೆ ಏನಾಯಿತು ಎನ್ನುತ್ತೀರೇನೋ. ಮೊಂತಿ ಹಬ್ಬವೆಂದರೆ ನಮಗೆ ಮಾತೆ ಮರಿಯಳ ಹುಟ್ಟುಹಬ್ಬ, ಹೊಸ ಅಕ್ಕಿಯ ಹಬ್ಬ. ಅಂದು ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಗುರ್ಕಾರ್ ಮನೆಮನೆಗೆ ತಲೆಗೊಂದರಂತೆ ಕೊಡುತ್ತಾನೆ. ಅದರ ಕಾಳು ಸುಲಿದು, ಹುಡಿ ಮಾಡಿ, ತೆಂಗಿನ ಹಾಲಿನಲ್ಲಿ ಕಲಸಿ ಕುಡಿದ ಮೇಲೆಯೇ ಊಟ. ತೆನೆ ಬಾರದ ಮನೆ ಎಂದರೆ ಯಾರ ಲೆಕ್ಕಕ್ಕೂ ಇಲ್ಲದ ಮನೆ.

ಆ ವರ್ಷದ ಹಬ್ಬದ ಪೂಜೆ ಮುಗಿದದ್ದೇ ಇಬ್ಬರೂ ಗುರ್ಕಾರರನ್ನು ಅಂಗಳದಲ್ಲಿ ಹಿಡಿದು ಕಾರ್ಮಿನ್ ಬಾಯಿಯ ತೆನೆ ಕೊಡಿ ಎಂದೆ. ಒಬ್ಬ ಇನ್ನೊಬ್ಬನ ಮುಖ ನೋಡಿ ಹೇಳಿದ.

“ತೆನೆ ಎಲ್ಲ ಮುಗ್ದಾಯ್ತು ಮಾಸ್ಟ್ರೇ. ಮುಂದಿನ ವರ್ಷ ಸರಿ ಮಾಡುವ.”

ಎಂಬತ್ತೈದರ ಮುದುಕಿಗೆ ಮುಂದಿನ ವರ್ಷವಂತೆ! ಮೈಯೆಲ್ಲ ಉರಿಯಿತು. ಇಗರ್ಜಿಯ ಅಂಗಳವೆಂದೂ ನೋಡದೆ ಬಾಯಿಗೆ ಬಂದ ಹಾಗೆ ಬೈದೆ. ನಮ್ಮ ಮನೆಗೆ ಸಿಕ್ಕ ಮೂರು ತೆನೆಗಳಲ್ಲಿ ಒಂದನ್ನು ಹಿಡಿದುಕೊಂಡು ಅಲ್ಲಿಂದಲೇ ಅವರ ಮನೆಗೆ ನಡೆದೆ.

ಅವರು ಜಗಲಿಯಲ್ಲಿ ಕೂತಿದ್ದರು. ಪಕ್ಕದ ಲೋಟದ ತಳದಲ್ಲಿ ತೆಂಗಿನ ಹಾಲು, ಅಕ್ಕಿಯ ಹುಡಿ. ಒಳಗೆ ದೇವರ ಚಿತ್ರದ ಮುಂದೆ ನಾಲ್ಕು ತೆನೆ, ಹಳೆಯ ದಫ್ತರದ ಲೆಕ್ಕದಂತೆ. ಒಂದರ ಕಾಳು ಮಾತ್ರ ಸುಲಿದಿತ್ತು. ನಮ್ಮ ಗದ್ದೆಗಳೆಲ್ಲ ರಬ್ಬರ್ ತೋಟವಾಗಿ ಎಷ್ಟೋ ಕಾಲವಾಯಿತು. ಆ ವರ್ಷ ಇಗರ್ಜಿಗೆ ತೆನೆ ತಂದದ್ದು ಮೂಡುಬಿದಿರೆ ಕಡೆಯಿಂದ, ಗಿಡ್ಡ ಬಿಳಿ ತೆನೆ. ಇಲ್ಲಿದ್ದದ್ದು ಉದ್ದ ಮೀಸೆಯ ಕೆಂಪು ಭತ್ತ. ಚಿಕ್ಕಂದಿನಲ್ಲಿ ನೋಡಿದ್ದೆ, ಆಮೇಲೆ ನೋಡಿಲ್ಲ. ಮುಟ್ಟಿದೆ. ದಂಟು ಇನ್ನೂ ಹಸಿಯಾಗಿತ್ತು. ಯಾರು ತಂದರು ಎಂದು ಕೇಳಿದರೆ ಗುರ್ಕಾರ್ ತಂದರು ಎಂದರು, ಅದರಲ್ಲೇನು ವಿಶೇಷ ಎಂಬ ಹಾಗೆ.

ಗುರ್ಕಾರರಿಬ್ಬರೂ ತಾವು ಹೋಗಿಲ್ಲವೆಂದು ಆಣೆ ಹಾಕಿದರು. ಪೂಜೆಯಿಂದ ನನ್ನ ಬೈಗುಳದವರೆಗೆ ಅವರು ಇಗರ್ಜಿಯಲ್ಲೇ ಇದ್ದರು, ಅದಕ್ಕೆ ನಾನೇ ಸಾಕ್ಷಿ. ಅಳದಂಗಡಿಯಿಂದ ಬಂಟ್ವಾಳದವರೆಗೆ ಗದ್ದೆಯಿದ್ದವರನ್ನೆಲ್ಲ ವಿಚಾರಿಸಿದೆ. ಆ ತಳಿ ಯಾರಲ್ಲೂ ಇಲ್ಲ.

ಸುದ್ದಿ ಸಮಿತಿಗೆ ಮುಟ್ಟಿತು. ಒಂದು ಸಾಲಿಗೆ ಜಾಗವಿಲ್ಲದವರಿಗೆ ಈಗ ಪವಾಡಕ್ಕೆಂದು ಬಣ್ಣದ ಎರಡು ಪುಟ ಹುಟ್ಟಿದವು! ತೆನೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಊರಿನ ಅರ್ಧ ಮಕ್ಕಳನ್ನು ಹಿಡಿದ ಕೈಗೆ ಬೆಲೆಯಿಲ್ಲ, ಹುಲ್ಲಿನ ದಂಟಿಗೆ ಗಾಜಿನ ಪೆಟ್ಟಿಗೆ. ನಾಚಿಕೆಗೆಟ್ಟವರು. ನಾನು ಬರೆದ ಚರಿತ್ರೆಯನ್ನು ವಾಪಸು ಕಿತ್ತುಕೊಂಡು ಬಂದೆ.

ಆದರೂ ತಲೆಯೊಳಗಿನ ಹುಳ ಸುಮ್ಮನಿರಲಿಲ್ಲ. ಮರುವಾರ ಮತ್ತೆ ಅವರಲ್ಲಿಗೆ ಹೋದೆ. ಬಂದ ಗುರ್ಕಾರ್ ನೋಡಲು ಹೇಗಿದ್ದರು, ಎಷ್ಟು ಹೊತ್ತಿಗೆ ಬಂದರು, ಯಾವ ದಾರಿಯಲ್ಲಿ ಹೋದರು ಎಂದು ಪೊಲೀಸರ ಹಾಗೆ ಕೇಳಿದೆ. ಕಾರ್ಮಿನ್ ಬಾಯಿ ನನ್ನ ಮನೆಯ ಕಡೆ ಕೈ ತೋರಿಸಿದರು.

“ನಿನ್ನ ಮನೆ ಇಲ್ಲಿಂದ ಕೂಗಿದ್ರೆ ಕೇಳುವಷ್ಟು ದೂರ ಉಂಟು ಮಗಾ. ಮೂರು ವರ್ಷ ನೀನು ಬರ್ಲಿಲ್ಲ. ಈಗ ಬಂದು, ಬಂದವರು ಯಾರು ಅಂತ ಕೇಳ್ತೀಯಲ್ಲ.”

ಬಂದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ.